ವರ್ಡ್-ವಿಳಂಬ ಮೀಮಾಂಸೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಪಂಚಕ್ಷೇತ್ರಗಳ ಟೈಪಿಂಗ್-ಝೆರಾಕ್ಸ್ ಅಂಗಡಿಗಳಲ್ಲಿ ಮೊಳಗುವ ‘ತಡೀರಿ, ತೆರೀಲಾಕತ್ತದ’ ಎಂಬ ಮಹಾವಾಕ್ಯವೇ ಪ್ರಸ್ತುತ ಪ್ರಬಂಧದ ವಸ್ತು. ವರ್ಡ್ ಐಕಾನ್ ಒತ್ತಿದ ಗಳಿಗೆಗೂ ಬಿಳಿ ಹಾಳೆ ಮೂಡುವ ಗಳಿಗೆಗೂ ನಡುವಿನ ಅವಧಿಯನ್ನು ಶಾಸ್ತ್ರಕಾರರು ‘ಚಾ-ಕಾಲ’ ಎಂದಿದ್ದಾರೆ. ಯಾವ ಶಾಸ್ತ್ರಕಾರರು ಎಂದು ಕೇಳತಕ್ಕದ್ದಲ್ಲ.

ವಿಳಂಬವು ಈ ಸೀಮೆಗೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕ ಚಕ್ರವರ್ತಿ ಕ್ರಿ.ಪೂ. 3ನೇ ಶತಮಾನದಲ್ಲಿ ಕಲ್ಲಿನಲ್ಲಿ ಸೇವ್ ಮಾಡಿದ ಶಾಸನವು ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಪೀಠವಾಗಿ ಕೂತಿದ್ದು, ಓಪನ್ ಆದದ್ದು 1986ರಲ್ಲಿ. ಎರಡು ಸಾವಿರ ವರ್ಷ ಮಿಕ್ಕಿದ ಈ ಚಾ-ಕಾಲದ ಮುಂದೆ ನಿಮ್ಮ ಕಂಪ್ಯೂಟರಿನ ಐದು ನಿಮಿಷ ಯಾವ ಲೆಕ್ಕ? ಮಾತ್ರವಲ್ಲ, ಅಷ್ಟು ಕಾದು ಒಂದಿಷ್ಟು ಕರಪ್ಟ್ ಆಗಿದ್ದರೂ ಫೈಲು ಓದಲು ಬಂತು.

ಇನ್ನು ಪೂರ್ವಪಕ್ಷ. ಸೇಡಂ ಪಂಥದವರು ಎಲ್ಲಕ್ಕೂ ವೈರಸ್ಸೇ ಮೂಲ ಎನ್ನುತ್ತಾರೆ. ಆ ಭಯಕ್ಕೆ ಎರಡೆರಡು ಆ್ಯಂಟಿವೈರಸ್ ಹಾಕಿಸಿ, ಅವೆರಡೂ ಒಂದೇ ಫೈಲನ್ನು ಜಾಲಾಡುವುದನ್ನು ಭಕ್ತಿಯಿಂದ ನೋಡುತ್ತಾರೆ. ಶಹಾಬಾದಿಗಳು ಸಿಪಿಯು ಡಬ್ಬಿಯನ್ನು ಊರಿನದೇ ಪರಸಿ ಕಲ್ಲಿನ ಮೇಲಿಟ್ಟು ತಂಪಿನ ಸಿದ್ಧಾಂತ ಹೇಳುತ್ತಾರೆ. ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗೆ ಬೂದುಬಣ್ಣದ ಧೂಳು ಬೆರಳು ದಪ್ಪ ಮೆತ್ತಿರುತ್ತದೆ. ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ಈ ಪಂಥಕ್ಕೆ ಅರ್ಧ ಮಾರ್ಕು. ಚಿಂಚೋಳಿಯವರು ಕರೆಂಟು ಬಂದ ಮೇಲೆ ವಾದಕ್ಕೆ ಬರುವುದಾಗಿ ತಿಳಿಸಿದ್ದಾರೆ.

ಸಿದ್ಧಾಂತ ವಾಡಿಯದು. ಜಂಕ್ಷನ್ನಿನಲ್ಲಿ ನಿಂತ ಪ್ಯಾಸೆಂಜರಿನಂತೆ ವರ್ಡು ತಾನು ಕೆಟ್ಟು ನಿಂತಿರುವುದಿಲ್ಲ, ಮತ್ಯಾರದೋ ದಾರಿ ಕಾಯುತ್ತಿರುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ಮುಳ್ಳು ತಿರುಗುವ ತಟ್ಟೆಯ ಮೇಲೆ ನೂರಾರು ಚಿಕ್ಕ ಫೈಲುಗಳನ್ನು ಹೆಕ್ಕಬೇಕು. ಯಾವತ್ತೋ ಗುಜರಿಗೆ ಹೋದ ಡೀಫಾಲ್ಟ್ ಪ್ರಿಂಟರಿಗೆ ‘ಇದ್ದೀಯೇನಪ್ಪಾ’ ಎಂದು ಕೇಳಿ ಉತ್ತರಕ್ಕೆ ಕಾಯಬೇಕು. ಯಾರೂ ಬಳಸದ ಆ್ಯಡ್-ಇನ್‌ಗಳೂ ಏಳಬೇಕು. ಅಷ್ಟರಲ್ಲಿ ತಾಳ್ಮೆಗೆಟ್ಟ ಹುಡುಗ ಐಕಾನನ್ನು ಟಕಟಕ ಐದು ಸಲ ಒತ್ತಿರುತ್ತಾನೆ. ಕೊನೆಗೆ ಐದು ಬಿಳಿ ಹಾಳೆಗಳು ಒಟ್ಟಿಗೇ ಪ್ರತ್ಯಕ್ಷವಾಗುತ್ತವೆ. ಮುಚ್ಚಿ ಮತ್ತೆ ತೆರೆದರೆ ಬೇಗ ಬರುವುದು ಪವಾಡವಲ್ಲ, ಫೈಲುಗಳು ಇನ್ನೂ ರ್‍ಯಾಮಿನಲ್ಲೇ ಇರುತ್ತವೆ.

ಪ್ರಾಯಶ್ಚಿತ್ತ ವಿಧಿ: ಕಂಟ್ರೋಲ್ ಕೀ ಅದುಮಿ ಹಿಡಿದು ವರ್ಡ್ ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳಿದರೆ ಹೂಂ ಅನ್ನಿ. ಹಾಗೆ ಚುರುಕಾಗಿ ತೆರೆದರೆ ತಪ್ಪು ಆ್ಯಡ್-ಇನ್‌ಗಳದ್ದೇ ಇರಬಹುದು, ಒಂದೊಂದೇ ತೆಗೆಯಿರಿ. ಡೀಫಾಲ್ಟ್ ಪ್ರಿಂಟರನ್ನು ಪಿಡಿಎಫ್‌ಗೆ ಬದಲಿಸಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೆಳಗಾದರೆ ಎದ್ದು ಕೂರುವ ಬೇಡದ ಬಳಗವನ್ನು ಮಲಗಿಸಿ. ಲಿಬ್ರೆಆಫೀಸ್ ಬಳಸುವವರು ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಜಾವಾದ ಟಿಕ್ ತೆಗೆದು ನೋಡಲಿ. ಇದಾವುದಕ್ಕೂ ಬಗ್ಗದಿದ್ದರೆ ಎಸ್‌ಎಸ್‌ಡಿ. ಅದರಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ.

ತಹಶೀಲ್ ಕಚೇರಿಯ ಎದುರಿನ ಅಂಗಡಿಯೊಂದರಲ್ಲಿ ಈ ವಿಧಿಯನ್ನು ಸಾಂಗವಾಗಿ ನೆರವೇರಿಸಲಾಯಿತು. ಹಾಳೆ ರೆಪ್ಪೆ ಬಡಿಯುವುದರೊಳಗೆ ಮೂಡಿತು. ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟು ‘ಹೇಳ್ರಿ, ಏನ್ ಬರೀಲಿ’ ಅಂದ. ಅಫಿಡವಿಟ್ ಮಾಡಿಸಲು ಬಂದ ಹಿರಿಯರು ಗಾಬರಿಯಾಗಿ ಟೊಪ್ಪಿಗೆ ಸರಿಪಡಿಸಿಕೊಂಡು, ‘ತಡಿಯೋ ತಮ್ಮಾ, ವಕೀಲರಿಗಿ ಕೇಳಿ ಬರ್ತೀನಿ’ ಎಂದು ಎದ್ದು ಹೋದರು.