ಗಾಜುಕೆರೆ ಗೌಡ್ರು

ಮಂಡ್ಯದ ನೂರಡಿ ರಸ್ತೆಯಿಂದ ಯಾವ ಬಡಾವಣೆಗೆ ತಿರುಗಿದರೂ ಒಬ್ಬರಾದರೂ ಗಾಜುಕೆರೆ ಗೌಡ್ರು ಸಿಗುತ್ತಾರೆ. ಅವರ ತಮ್ಮ ಮದ್ದೂರಿನಲ್ಲಿದ್ದಾರೆ, ಬೀಗರು ಮಳವಳ್ಳಿಯಲ್ಲಿ. ಮೂರು ಮನೆಯ ಹಾಲ್‌ನಲ್ಲೂ ಒಂದೊಂದು ಮೀನಿನ ಟ್ಯಾಂಕು ಇದೆ. ಗೌಡ್ರು ಮೇಷ್ಟ್ರಾಗಿಯೋ, ಸೊಸೈಟಿ ಕಾರ್ಯದರ್ಶಿಯಾಗಿಯೋ ನಿವೃತ್ತರಾದವರು. ಊರಿನಲ್ಲಿ ನಾಲೆ ಬಯಲಿನ ಗದ್ದೆ, ಪೇಟೆಯಲ್ಲಿ ಹೊಸ ಮನೆ. ಗೃಹಪ್ರವೇಶಕ್ಕೆ ಬಂದ ಆರು ಗೋಡೆ ಗಡಿಯಾರಗಳಿಗೂ ಮೊಳೆ ಹೊಡೆಸಿದ ಮೇಲೆ ಹಾಲ್‌ನಲ್ಲಿ ಇನ್ನೂ ಒಂದು ಮೂಲೆ ಬರಿದಾಗಿ ಕಾಣುತ್ತದೆ. ಮಳವಳ್ಳಿಯ ಬೀಗರು ಅದನ್ನು ನೋಡಿ, "ಈಸಾನ್ಯದಲ್ಲಿ ನೀರು ಇರ್ಬೇಕು ಬೀಗರೆ, ಒಂದ್ ಫಿಶ್ ಟ್ಯಾಂಕ್ ಮಡಗ್ಬುಡಿ" ಎನ್ನುತ್ತಾರೆ. ಅಲ್ಲಿಂದ ಶುರು.

ಗೌಡ್ರು ಮೀನಿನ ಅಂಗಡಿಗೆ ಹೋಗುವುದು ಸಂತೆಗೆ ಹೋದ ಹಾಗೆಯೇ. ಬಣ್ಣ ನೋಡಿ ಬೆರಳು ತೋರಿಸುತ್ತಾರೆ. ಆರು ಗೋಲ್ಡ್‌ಫಿಶ್, ಎರಡು ಏಂಜೆಲ್, ಒಂದು ಡಜನ್ ಗಪ್ಪಿ, ಜಂಬದ ಬಾಲದ ಒಂದು ಫೈಟರ್, ಗಾಜು ಕ್ಲೀನ್ ಮಾಡಲು ಒಂದು ಸಕ್ಕರ್, ಮೊಮ್ಮಗ ಹಟ ಹಿಡಿದನೆಂದು ಎರಡು ಬೆರಳುದ್ದದ "ಶಾರ್ಕ್". ಚೀಲ ಕಟ್ಟುವ ಹೊತ್ತಿಗೆ ಗೌಡ್ರ ಅಸಲು ಕಸುಬು ಹೊರಬರುತ್ತದೆ.

"ಇನ್ನೊಂದ್ನಾಕು ಕೊಸರು ಹಾಕ್ಲಾ ಮಗ. ಟೊಮೆಟೊ ತಗಂಡ್ರೂ ಎರಡು ಕೊಸರು ಹಾಕ್ತಾರೆ."

"ಟ್ಯಾಂಕು ಎಷ್ಟ್ ದೊಡ್ದಣ್ಣ?"

"ಎರಡಡಿ ಇರ್ಬೋದು ಕಣ. ಯಾಕ್ಲಾ, ಮೀನೇನು ಉಳುಮೆ ಮಾಡಾಕೋಯ್ತದಾ?"

ಹುಡುಗ ನಗುನಗುತ್ತಾ ನಾಲ್ಕು ಗಪ್ಪಿ ಹೆಚ್ಚಿಗೆ ಹಾಕುತ್ತಾನೆ. ಮುಂದಿನ ಭಾನುವಾರ ಗೌಡ್ರು ಮತ್ತೆ ಬರುತ್ತಾರೆಂಬ ಖಾತ್ರಿ ಅವನಿಗಿದೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ನಿಧಿ ಪೆಟ್ಟಿಗೆ ಇಳಿದ ಮೇಲೆ ಮೀನಿಗೆ ಉಳಿಯುವುದು ಅದಕ್ಕೂ ಕಡಿಮೆ. ಅನುಭವಸ್ಥರು ಒಂದು ಗೋಲ್ಡ್‌ಫಿಶ್‌ಗೇ ಸುಮಾರು 75 ಲೀಟರ್ ಬಿಡಬೇಕು, ಆಮೇಲಿನ ಪ್ರತಿಯೊಂದಕ್ಕೆ ಇನ್ನೂ 40 ಸೇರಿಸಬೇಕು ಎನ್ನುತ್ತಾರೆ. ಆ ಲೆಕ್ಕದಲ್ಲಿ ಗೌಡ್ರ ಟ್ಯಾಂಕಿಗೆ ಒಂದು ಗೋಲ್ಡ್‌ಫಿಶ್ ಬಂದರೂ ಒತ್ತುವರಿಯೇ. ಹಾಗಂತ ಗೌಡ್ರಿಗೆ ಜಾಗದ ಬೆಲೆ ತಿಳಿಯದೇ? ತೆಂಗಿನ ಸಸಿಯಿಂದ ಸಸಿಗೆ 25–30 ಅಡಿ ಬಿಟ್ಟು ನೆಟ್ಟವರು ಅವರು. ಕಬ್ಬಿನ ಸಾಲು ಒತ್ತಾದರೆ ಆಳುಗಳಿಗೆ ಬೈದವರು. ಪಕ್ಕದ ಜಮೀನಿನವನು ಬದು ಒಂದು ಗೇಣು ಒತ್ತರಿಸಿದ ಎಂದು ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸಿದವರು. ಆ ಜ್ಞಾನವೆಲ್ಲ ಗಾಜಿನ ಹೊರಗೇ ನಿಂತುಬಿಡುತ್ತದೆ.

ಟ್ಯಾಂಕಿನಲ್ಲಿ ಗೌಡ್ರ ಸ್ವಭಾವ ಪೂರ್ತಿ ಇಳಿದಿರುವುದು ಫೈಟರ್‌ಗೆ ಮಾತ್ರ. ಇನ್ನೊಂದು ಗಂಡು ಫೈಟರ್ ಗಡಿ ದಾಟಿದರೆ ಜೀವ ಹೋಗುವ ತನಕ ಹೊಡೆದಾಟ. ಇದು ಮೇಲಕ್ಕೆ ಬಂದು ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳಬಲ್ಲ ಮೀನು. ಆದ್ದರಿಂದಲೇ ಅಂಗಡಿಯ ಪ್ಲಾಸ್ಟಿಕ್ ಲೋಟದಲ್ಲೂ ಉಸಿರು ಹಿಡಿದುಕೊಂಡಿರುತ್ತದೆ. ಅದನ್ನು ನೋಡಿದವರು ಲೋಟವೇ ಸಾಕು ಅಂದುಕೊಳ್ಳುತ್ತಾರೆ. ಸಾಯದೆ ಇರುವುದಕ್ಕೆ ಲೋಟ ಸಾಕು, ಬದುಕುವುದಕ್ಕೆ 20 ಲೀಟರ್ ಬೇಕು.

ಇನ್ನು ಊಟದ ವಿಚಾರ. ಮಂಡ್ಯದ ಮನೆಯಲ್ಲಿ ಯಾರೂ ಹಸಿದು ಹೋಗುವಂತಿಲ್ಲ, ಮೀನಿಗೂ ಅದೇ ಕಾನೂನು. ಬೆಳಿಗ್ಗೆ ಗೌಡ್ರು ಹಾಕುತ್ತಾರೆ. ಅವರು ಪೇಪರ್ ಹಿಡಿದು ಕುಳಿತ ಮೇಲೆ ಮನೆಯಾಕೆ ಹಾಕುತ್ತಾರೆ. ಮಧ್ಯಾಹ್ನ ಮೊಮ್ಮಗ ಡಬ್ಬಿಯನ್ನೇ ಬೋರಲು ಹಾಕುತ್ತಾನೆ. ಸಂಜೆ ಮದ್ದೂರಿನಿಂದ ಬಂದ ತಮ್ಮ, ಪೊಟ್ಟಣದ ವಡೆಯಲ್ಲಿ ಒಂದು ಚೂರು ಮುರಿದು, "ನಮ್ಮೂರ್ದೂ ಒಸಿ ರುಚಿ ನೋಡ್ಲಿ ಬುಡಣ್ಣ" ಎಂದು ನೀರಿಗೆ ಬಿಡುತ್ತಾನೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದೋ ಎರಡೋ ಸಲ ಹಾಕಿದರೆ ಮೀನಿಗೆ ಸಾಕು. ಮಿಕ್ಕಿದ್ದು ತಳದಲ್ಲಿ ಕೊಳೆಯುತ್ತದೆ, ಮೀನಿನ ಗಲೀಜೂ ಅದಕ್ಕೆ ಸೇರುತ್ತದೆ, ನೀರಿನಲ್ಲಿ ಅಮೋನಿಯಾ ಏರುತ್ತದೆ, ಕಿವಿರು ಉರಿಯುತ್ತದೆ. ಉಸಿರು ಸಾಲದ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಅದನ್ನು ನೋಡಿದ ಮನೆಯಾಕೆಗೆ ಕರುಳು ಚುರುಕ್ ಅನ್ನುತ್ತದೆ: "ಅಯ್ಯೋ ಪಾಪ, ಎಷ್ಟ್ ಹಸ್ದವೆ ನೋಡಿ!" ಇನ್ನೊಂದು ಹಿಡಿ ಬೀಳುತ್ತದೆ.

ಬೆಳಿಗ್ಗೆ ಮೂರು ಮೀನು ತೇಲುತ್ತವೆ. ಆಗ ಮೂರು ಊರಿನಿಂದ ಮೂರು ತೀರ್ಪು ಬರುತ್ತದೆ. ಮದ್ದೂರಿನ ತಮ್ಮನ ಪ್ರಕಾರ ದೃಷ್ಟಿ. ಮಳವಳ್ಳಿ ಬೀಗರ ಪ್ರಕಾರ, "ಮನೆ ಮ್ಯಾಲಿದ್ದ ಕಂಟಕ ಮೀನು ತಗಂಡೋಯ್ತು, ಒಳ್ಳೇದೇ ಆಯ್ತು." ಗೌಡ್ರ ಪ್ರಕಾರ ರಾತ್ರಿ ಕರೆಂಟು ಹೋಗಿ ಗುಳ್ಳೆ ಮೋಟರು ನಿಂತದ್ದು. ಈ ಕೊನೆಯದಕ್ಕೆ ಬೀಗರೂ ತಲೆಯಾಡಿಸುತ್ತಾರೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕಿನವರು ಅವರು. ಕರೆಂಟನ್ನು ಬೈಯುವ ಹಕ್ಕು ಅವರಿಗೆ ವಂಶಪಾರಂಪರ್ಯವಾಗಿ ಬಂದಿದೆ. ಟ್ಯಾಂಕು ಚಿಕ್ಕದಾಯಿತು, ಊಟ ಹೆಚ್ಚಾಯಿತು ಎಂದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಉಪಚಾರದಿಂದ ಸಾವು ಬಂತೆಂದು ಈ ಸೀಮೆಯಲ್ಲಿ ಹೇಳುವುದಾದರೂ ಹೇಗೆ?

ಭಾನುವಾರ ಶುದ್ಧಿಕಾರ್ಯ. ಗೌಡ್ರು ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಅಕ್ಕಿ ತೊಳೆದಂತೆ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ಬಿಳಿ ಮಾಡುತ್ತಾರೆ. ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೀಡುಬಿಟ್ಟಿರುವುದು ಅದೇ ಸ್ಪಂಜಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ನು ಅವುಗಳನ್ನು ಮುಗಿಸುತ್ತದೆ. ಟ್ಯಾಂಕು ಫಳಫಳ ಹೊಳೆಯುತ್ತದೆ, ಬುಧವಾರಕ್ಕೆ ಮತ್ತೆ ಎರಡು ತೇಲುತ್ತವೆ.

"ಅವುಗಳ ಆಯಸ್ಸೇ ಅಷ್ಟು ಕಣಯ್ಯ" ಎಂದು ಗೌಡ್ರು ಎಲ್ಲರಿಗೂ ಉಪದೇಶ ಮಾಡುತ್ತಿದ್ದರು. "ಮೀನು ಅಂದ್ರೆ ಮೂರ್ ತಿಂಗ್ಳು." ಈ ಸಿದ್ಧಾಂತಕ್ಕೆ ಏಟು ಕೊಟ್ಟವಳು ಹಾಸ್ಟೆಲಿನಿಂದ ರಜೆಗೆ ಬಂದ, ಬಿ.ಎಸ್ಸಿ. ಓದುವ ಮೊಮ್ಮಗಳು.

"ತಾತ, ಗಪ್ಪಿನೇ ಎರಡು ಎರಡೂವರೆ ವರ್ಷ ಬದುಕ್ತದೆ."

"ಅಂದ್ರೆ ಪಂಚಾಯ್ತಿ ಅಧ್ಯಕ್ಷರ ಅವಧಿಯಷ್ಟು."

"ಫೈಟರ್ ಮೂರು ವರ್ಷ. ಏಂಜೆಲ್ ಹತ್ತು ವರ್ಷ, ಅದ್ಕೆ ಎತ್ತರದ ಟ್ಯಾಂಕು ಬೇಕು. ಆಸ್ಕರ್, ಸಕ್ಕರ್ ಹತ್ತರಿಂದ ಹದಿನೈದು. ಗೋಲ್ಡ್‌ಫಿಶ್ಶೂ ಅಷ್ಟೇ, ಚೆನ್ನಾಗಿ ಸಾಕಿದ್ರೆ ಇಪ್ಪತ್ತು. ಇಂಗ್ಲೆಂಡಲ್ಲಿ 1956ರ ಜಾತ್ರೆಲಿ ಗೆದ್ದು ತಂದ ಟಿಶ್ ಅನ್ನೋ ಗೋಲ್ಡ್‌ಫಿಶ್ 1999ರಲ್ಲಿ ಸತ್ತಿದ್ದು. ನಲವತ್ಮೂರು ವರ್ಷ ತಾತ."

ಗೌಡ್ರು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಇಳಿಸಿದರು. "ನಲವತ್ಮೂರಾ? ನನ್ ಸರ್ವೀಸೇ ಮೂವತ್ನಾಕು! ಪೆನ್ಸನ್ ಕೊಟ್ರೇನವ್ವ ಅದ್ಕೆ?"

ಆ ರಾತ್ರಿ ಗೌಡ್ರು ಬದಲಾದರು. ಅವರ ಜಾತಿಯ ಜನ ಅರ್ಧಂಬರ್ಧ ಬದಲಾಗುವುದಿಲ್ಲ. ವಾರದೊಳಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಬಂತು: 255 ಲೀಟರ್. ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಲು ಹೋದವರನ್ನು ಮೊಮ್ಮಗಳು ತಡೆದಳು. ಬರೀ ನೀರೇ ಎರಡೂವರೆ ಕ್ವಿಂಟಾಲು ತೂಗುತ್ತದೆಂದು ರಾಗಿ ಲೆಕ್ಕದಲ್ಲಿ ಹೇಳಿದಾಗ ಗೌಡ್ರಿಗೆ ಸಟ್ಟನೆ ಅರ್ಥವಾಯಿತು. ವೆಲ್ಡಿಂಗ್ ಅಂಗಡಿಯವನು ಅಳತೆ ಬರೆದುಕೊಂಡು, "ಇದ್ರ ಮ್ಯಾಲೆ ಟ್ರ್ಯಾಕ್ಟರ್ ನಿಲ್ಲಿಸ್ತೀರಾ ಗೌಡ್ರೆ?" ಎಂದು ಕೇಳಿದನಂತೆ.

ಹಳೆಯ ಒಕ್ಕಲುಗಳ ಪುನರ್ವಸತಿಯೂ ಆಗಬೇಕಿತ್ತು. ಏಂಜೆಲ್‌ಗಳು ಅಷ್ಟರಲ್ಲಿ ಹೆಸರಿಗೆ ತಕ್ಕ ಲೋಕಕ್ಕೇ ಹೋಗಿದ್ದವು. ಫೈಟರ್‌ಗೆ ಪ್ರತ್ಯೇಕ ಮನೆ. ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರೂ ಬಿಡುವ ಗಪ್ಪಿಗಳಿಗೆ ಊರ ಮನೆಯ ಕಲ್ಲುಬಾನಿ. ಶಾರ್ಕ್ ಎಂದು ಮಾರುವುದು ಅಸಲಿಗೆ ಶಾರ್ಕೇ ಅಲ್ಲ, ಮೀಟರಿಗೂ ಮೀರಿ ಬೆಳೆಯುವ ಪಂಗಾಸಿಯಸ್ ಎಂಬ ಒಂದು ಜಾತಿಯ ಮೀನು, ಹೋಟೆಲಿನಲ್ಲಿ ಬಾಸಾ ಫ್ರೈ ಎಂದು ತಟ್ಟೆಗೆ ಬರುವುದು ಬಹುಮಟ್ಟಿಗೆ ಅದೇ ಎಂದು ಮೊಮ್ಮಗಳು ಹೇಳಿದಾಗ, ಗೌಡ್ರು ಟ್ಯಾಂಕಿನ ಕಡೆ ಒಂದು ಗಳಿಗೆ ಬೇರೆ ದೃಷ್ಟಿಯಿಂದ ನೋಡಿದರು. ಮನೆಯಾಕೆ ಗದರಿದ ಮೇಲೆ ಸಾವರಿಸಿಕೊಂಡು, "ಸರಿ, ಅವನ್ನೂ ಸಕ್ಕರನ್ನೂ ವಿ.ಸಿ. ನಾಲೆಗೆ ಬುಟ್ಬುಡಾನ. ಪುಣ್ಯ ಬತ್ತದೆ" ಎಂದರು.

"ಬಿಡಂಗಿಲ್ಲ ತಾತ. ಸಕ್ಕರ್ ದಕ್ಷಿಣ ಅಮೆರಿಕದ್ದು. ನಮ್ಮ ಮೀನಿನ ಪಾಲು ತಾನೇ ತಿಂತದೆ. ಮೊಟ್ಟೆ ಇಡಾಕೆ ದಡದಲ್ಲಿ ಬಿಲ ಕೊರೀತದೆ."

"ಏರಿ ಕೊರೀತದಾ!"

ನಾಲೆ ಬಯಲಿನ ಗೌಡ್ರಿಗೆ ಇನ್ನು ಯಾವ ಪುರಾವೆಯೂ ಬೇಕಾಗಲಿಲ್ಲ. ಆ ಸಂಜೆಯೇ ಸಕ್ಕರ್, ಶಾರ್ಕ್ ಎರಡೂ ಅಂಗಡಿಗೆ ವಾಪಸ್ಸು. ಹುಡುಗ ಕಾಸು ಕೊಡಲಿಲ್ಲ. "ನನ್ ಕಡಿಂದ ನಿಂಗೆ ಕೊಸರು ಮಡೀಕಳ್ಲಾ" ಎಂದು ಗೌಡ್ರು ಎದ್ದು ಬಂದರು.

ಅತ್ಯಂತ ಕಷ್ಟದ ಕಾಲ ಆಮೇಲಿನದು. ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಕೂಡದು ಎಂದು ಮೊಮ್ಮಗಳ ಆಜ್ಞೆ. ಉಳಿದಿದ್ದ ಒಂದು ಗೋಲ್ಡ್‌ಫಿಶ್ ಹಳೆಯ ಟ್ಯಾಂಕಿನಲ್ಲೇ ಕಾಯುತ್ತಿತ್ತು. ಹೊಸದರಲ್ಲಿ ಲೈಟು ಉರಿಯುತ್ತಿದೆ, ಗುಳ್ಳೆ ಏಳುತ್ತಿದೆ, ಮೀನಿಲ್ಲ. ಕೊಕ್ಕರೆಬೆಳ್ಳೂರಿನಿಂದ ಬಂದ ನೆಂಟರೊಬ್ಬರು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ಹುಡುಕಿದರು.

"ಮೀನೆಲ್ಲಿ ಭಾವ?"

"ಬತ್ತವೆ. ನೀರು ಇನ್ನೂ ಹದಕ್ಕೆ ಬಂದಿಲ್ಲ."

"ನಮ್ಮೂರ್ ಹೆಜ್ಜಾರ್ಲೆ ಏನಾದ್ರೂ ಇತ್ಲಾಗ್ ಬಂದಿದ್ವಾ?"

ಗೌಡ್ರು ನಗಲಿಲ್ಲ. ಹದ ಬರದ ನೆಲಕ್ಕೆ ಬಿತ್ತುವವನು ರೈತನೇ ಅಲ್ಲ ಎಂದು ಗಂಭೀರವಾಗಿ ಹೇಳಿ, ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ನು ಬಿಡಿಸಿದ ನೀರನ್ನು ತೋರಿಸಿದರು. ಈಗ ಬೀದಿಯಲ್ಲಿ ಯಾರು ಟ್ಯಾಂಕು ತಂದರೂ ಮೊದಲು ಗೌಡ್ರಿಂದ ಒಂದು ಪಾಠ ಕೇಳಬೇಕು: ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸು, ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಹಿಂಡು, ಕೊಸರು ಕೇಳಬೇಡ.

ಹೊಸ ಟ್ಯಾಂಕಿಗೆ ಹಳೆಯದೂ ಸೇರಿ ಮೂರೇ ಗೋಲ್ಡ್‌ಫಿಶ್ ಇಳಿದವು. ಎಲ್ಲ ಸುಖವಾಯಿತು ಎನ್ನುವಾಗ ಗೌಡ್ರಿಗೆ ಲೆಕ್ಕ ಹೊಳೆಯಿತು. ತಮಗೆ ಅರವತ್ತೆಂಟು, ಮೀನಿಗೆ ಇನ್ನೂ ಹದಿನೈದು ಇಪ್ಪತ್ತು ವರ್ಷ. ಇಬ್ಬರು ಗಂಡುಮಕ್ಕಳನ್ನೂ ಮಗಳನ್ನೂ ಕೂರಿಸಿಕೊಂಡು ಕೇಳಿದರು: "ನನ್ ಕಾಲ ಆದ್ಮೇಲೆ ಇವು ಯಾರ್ ಭಾಗಕ್ಕೆ?" ದೊಡ್ಡವನು ತಮ್ಮನಿಗೆ ಬಿಟ್ಟುಕೊಟ್ಟ, ತಮ್ಮ ಅಕ್ಕನಿಗೆ, ಅಕ್ಕ ಅಣ್ಣನಿಗೆ. ಆ ಮನೆಯಲ್ಲಿ ಅಂಥ ತ್ಯಾಗ ಹಿಂದೆ ಕಂಡದ್ದಿಲ್ಲ. ಗೌಡ್ರು ನಿಧಾನವಾಗಿ ಕೆಮ್ಮಿ, "ಸರಿ, ಮೀನು ಯಾರ್ ತಗತಾರೋ ನಾಲೆ ಪಕ್ಕದ ಹತ್ತು ಗುಂಟೆ ಅವರ್ಗೇ" ಎಂದರು.

ಅಂದಿನಿಂದ ಮೂವರಿಗೂ ಮೀನೆಂದರೆ ಪ್ರಾಣ. ಬೆಂಗಳೂರಿನ ಮಗ ವಾರವಾರ ಬರುತ್ತಾನೆ, ಮೈಸೂರಿನವನು ನಡುವೆ ಒಮ್ಮೆ, ಮಗಳು ಊರಲ್ಲೇ ಇದ್ದು ದಿನಾ. ಬಂದವರು ಚಪ್ಪಲಿ ಬಿಡುವ ಮೊದಲೇ ಆಹಾರದ ಡಬ್ಬಿಗೆ ಕೈ ಹಾಕುತ್ತಾರೆ. ಗೌಡ್ರು ಡಬ್ಬಿಯನ್ನು ಬೀರುವಿನಲ್ಲಿ ಪತ್ರಗಳ ಪಕ್ಕ ಇಟ್ಟು ಬೀಗ ಹಾಕಿದ್ದಾರೆ, ಗಾಜಿನ ಮೇಲೆ ದಪ್ಪಕ್ಷರದಲ್ಲಿ ಒಂದು ಚೀಟಿಯನ್ನೂ ಅಂಟಿಸಿದ್ದಾರೆ: "ಇವರದ್ದು ಊಟ ಆಗಿದೆ."