ಹತ್ತು ಪರ್ಸೆಂಟಿನ ಪಾವಿತ್ರ್ಯ

ಇಂಗ್ಲಿಷ್ ಎಂಎ ಕೊನೆಯ ಸೆಮಿಸ್ಟರಿನ ಡಿಸರ್ಟೇಶನ್‌ಗೆ ಇಬ್ಬರು ಗೈಡುಗಳು. ಒಬ್ಬರು ಕಾಲೇಜಿನವರು, ಅವರದು ಸಹಿ. ಇನ್ನೊಬ್ಬರು ಜಯನಗರ ನಾಲ್ಕನೇ ಬ್ಲಾಕಿನ ಜೆರಾಕ್ಸ್ ಅಂಗಡಿಯವರು, ಅವರದು ಮಾರ್ಗದರ್ಶನ. “ಎಡಗಡೆ ಒಂದೂವರೆ ಇಂಚು ಬಿಡಮ್ಮ, ಇಲ್ಲಾಂದ್ರೆ ಬೈಂಡಿಂಗು ಅಕ್ಷರ ನುಂಗುತ್ತೆ. ಡಬಲ್ ಸ್ಪೇಸ್ ಹಾಕು, ಅರವತ್ತು ಪುಟ ತಾನಾಗೇ ಆಗುತ್ತೆ.” ಸಂಶೋಧನಾ ವಿಧಾನದ ಬಗ್ಗೆ ಎರಡು ವರ್ಷದಲ್ಲಿ ಇಷ್ಟು ಬಿಡಿಸಿ ಹೇಳಿದವರು ಇನ್ನೊಬ್ಬರಿಲ್ಲ.

ತರಗತಿಯಲ್ಲಿ ನಡೆಯುವುದು ಅಲ್ಪವಿರಾಮದ ಪಾಠ. ಅದಕ್ಕೆ ಸ್ಮೃತಿಗ್ರಂಥ, ನ್ಯೂಯಾರ್ಕಿನ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಕೈಪಿಡಿ. 2009ರ ಏಳನೇ ಆವೃತ್ತಿ, ಪುಸ್ತಕದ ವಿವರದ ಕೊನೆಗೆ ‘ಪ್ರಿಂಟ್’ ಎಂದು ಬರೆಯಿರಿ ಎಂದಿತು, ಬರೆದರು. 2016ರ ಎಂಟನೆಯದು, ಅದೂ ಬೇಡ, ಪ್ರಕಾಶಕರ ಊರೂ ಬೇಡ ಎಂದಿತು, ಅಳಿಸಿದರು. 2021ರಲ್ಲಿ ಒಂಬತ್ತನೆಯದೂ ಬಂತು. ಸೀನಿಯರ್‌ಗಳಿಂದ ಇಳಿದು ಬಂದ ನೋಟ್ಸು ಮಾತ್ರ ಏಳನೆಯದರದ್ದೇ. ಡಿಸರ್ಟೇಶನ್ನಿನ ವಿಷಯವೋ, ‘ವಸಾಹತುಶಾಹಿ ಯಜಮಾನಿಕೆಗೆ ಪ್ರತಿರೋಧ’! ಪ್ರತಿರೋಧ ನಮ್ಮದು, ಅದರ ಪೂರ್ಣವಿರಾಮ ಎಲ್ಲಿ ಬೀಳಬೇಕೆಂಬ ಅಪ್ಪಣೆ ನ್ಯೂಯಾರ್ಕಿನದು.

ಇನ್ನು ಮಡಿ-ಮೈಲಿಗೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. 40 ದಾಟಿದರೆ ಒಂದು ವರ್ಷ ತಿದ್ದಿ ಕೊಡುವಂತೆಯೂ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗೆ ತಾಳೆಯಾದರೆ ಅದನ್ನು ಕಾಕತಾಳೀಯವೆಂದು ಬಿಡಬಹುದು. ಇಷ್ಟು ಓದಿಕೊಂಡ ಮೇಲೆ ಯಾವ ಜಾಣ ಹದಿನೈದನೇ ಪದಕ್ಕೆ ಕೈಹಾಕುತ್ತಾನೆ?

ಹಾಗಾಗಿ ಬಿಟಿಎಂ ಲೇಔಟಿನ ಪಿಜಿಗಳಲ್ಲಿ ರಾತ್ರಿಯೆಲ್ಲ ಶುದ್ಧೀಕರಣ. ಕದ್ದ ಪ್ಯಾರಾವನ್ನು ಸಾಫ್ಟ್‌ವೇರಿಗೆ ಸುರಿದರೆ ‘ಪ್ರಜ್ಞಾಪ್ರವಾಹ’ ಎಂಬುದು ‘ಎಚ್ಚರದ ಹಳ್ಳ’ ಎಂಬಂಥದ್ದೇನೋ ಆಗಿ ಹೊರಬರುತ್ತದೆ. ಬರೆದವರಿಗೂ ಅರ್ಥವಾಗದ್ದು ಬೇರೆ ಯಾರ ಬರಹವನ್ನು ತಾನೇ ಹೋಲೀತು? ಪರ್ಸೆಂಟು ಸರ್ರನೆ ಇಳಿಯುತ್ತದೆ. ಅನುಭವಸ್ಥ ಸೀನಿಯರ್ ಇಷ್ಟೆಲ್ಲ ಒದ್ದಾಡುವುದಿಲ್ಲ: “ಕುರ್ತಕೋಟಿ ತಗೊಂಡು ಇಂಗ್ಲಿಷಿಗೆ ತಿರುಗಿಸೇ. ಮಷೀನಿಗೆ ಕನ್ನಡ ಬರಲ್ಲ, ನಮ್ ಗೈಡಿಗೂ ಬರಲ್ಲ.” ಕನ್ನಡ ವಿಮರ್ಶೆಗೆ ಇಂಗ್ಲಿಷ್ ವಿಭಾಗದಲ್ಲಿ ಸಿಕ್ಕಿರುವ ಮರ್ಯಾದೆ ಸದ್ಯಕ್ಕೆ ಇದೊಂದೇ.

ಯು. ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ 1930ರ ದಶಕದ ಕಾದಂಬರಿ ಮತ್ತು ರಾಜಕೀಯದ ಮೇಲೆ ಪಿಎಚ್‌ಡಿ ಮಾಡುತ್ತಲೇ ‘ಸಂಸ್ಕಾರ’ ಬರೆದು ಮುಗಿಸಿದರು. 1965ರಲ್ಲಿ ಅದು ಅಚ್ಚಾಯಿತು. ಪಾಪ, ಅವರ ಕಾಲದಲ್ಲಿ ಮಾರ್ಜಿನ್ನಿಗೆ ಇಷ್ಟು ಮಹತ್ವ ಇರಲಿಲ್ಲವೇನೋ.

ವೈವಾದ ದಿನ ಪರೀಕ್ಷಕರು ಡಿಸರ್ಟೇಶನ್ನನ್ನು ಪಂಚಾಂಗದಂತೆ ಎಲ್ಲಿಂದಲೋ ತೆರೆಯುವುದಿಲ್ಲ, ನೇರ ಗ್ರಂಥಸೂಚಿಗೇ ಹೋಗುತ್ತಾರೆ. “ನಿನಗೆ ಏನು ತಿಳಿಯಬೇಕಿತ್ತಮ್ಮ?” ಎಂದು ಕೇಳುವ ಅಪಾಯ ಇಲ್ಲವೇ ಇಲ್ಲ. ಎರಡನೇ ಸಾಲು ಅರ್ಧ ಇಂಚು ಒಳಕ್ಕೆ ಸರಿದಿಲ್ಲವೆಂದು ಮುಖ ಸಿಂಡರಿಸುತ್ತಾರೆ. ಚೌಚೌಬಾತ್ ಬರುತ್ತದೆ. ಎ ಪ್ಲಸ್ ಬೀಳುತ್ತದೆ.