ಮಾಡು ಹತ್ತುವ ಕೆಲಸ ಯಾರದ್ದು?

ಹಂಚು ಇಳಿಸಿ ಶೀಟು ಹಾಕಿಸುತ್ತೇನೆಂದು ಮೊನ್ನೆ ಹೇಳಿದಿರಲ್ಲ ಮಾರಾಯ್ರೆ, ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಒಮ್ಮೆ ಶೀಟು ಹಾಕಿಬಿಟ್ಟರೆ ಮತ್ತೆ ಮಾಡಿನ ಸುದ್ದಿಗೇ ಹೋಗಬೇಕಾಗಿಲ್ಲ ಎಂದು ಕಂಟ್ರಾಕ್ಟರ್ ಹೇಳಿದನಂತೆ. ನಮ್ಮ ಜಿಲ್ಲೆಯ ಮಳೆಗೆ ಅಂಥ ಮಾಡು ಯಾರೂ ಕಟ್ಟಿಲ್ಲ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿತ್ತು ಅಂತಿಟ್ಟುಕೊಳ್ಳಿ, 9,000 ಲೀಟರಿಗೂ ಹೆಚ್ಚು ನೀರು ಅಂಚಿಗೆ ಬಂತು. ಆಟಿಯಲ್ಲಿ ಅಂಥ ದಿನಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಅಷ್ಟು ನೀರು ಹಾಯುವ ಜಾಗವನ್ನು ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು.

ಹಂಚಿನ ಮಾಡಿನ ದೊಡ್ಡ ಗುಣ ಇರುವುದು ಅಲ್ಲೇ. ಅದು ಕೆಡುವುದು ಒಂದೊಂದೇ ಹಂಚಿನಲ್ಲಿ, ಸರಿಹೋಗುವುದೂ ಒಂದೊಂದೇ ಹಂಚಿನಲ್ಲಿ. ನಿಮ್ಮ ಅಡುಗೆಕೋಣೆಯ ಮೇಲೆ ಸೋರುತ್ತಿದೆಯಲ್ಲ, ಅಲ್ಲಿ ಮುಚ್ಚಿಗೆ ಇಲ್ಲ. ಮೇಜಿನ ಮೇಲೆ ನಿಂತು ನೋಡಿದರೆ ಒಡೆದ ಹಂಚಿನ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಒಳಗಿಂದಲೇ ಅದರ ಮೇಲಿನ ಸಾಲಿನ ಹಂಚನ್ನು ಅಂಗೈಯಲ್ಲಿ ಒಂದಿಷ್ಟು ಎತ್ತಿ ಹಿಡಿಯಬೇಕು. ಹಂಚಿನ ಅಡಿಯಲ್ಲಿ ಎರಡು ಗುಬುಟು ಇರುತ್ತವೆ, ರೀಪಿಗೆ ಸಿಕ್ಕಿಕೊಂಡಿರುವುದು ಅವೇ. ಒಡೆದದ್ದನ್ನು ಎತ್ತಿ ಅವು ಬಿಡಿಸಿಕೊಂಡ ಕೂಡಲೇ ಓರೆ ಮಾಡಿ ಒಳಕ್ಕೆ ಎಳೆದುಕೊಳ್ಳಬೇಕು. ಬೇರೆ ಹಂಚನ್ನು ಅದೇ ದಾರಿಯಲ್ಲಿ ಹೊರಕ್ಕೆ ತೂರಿಸಿ, ಪಕ್ಕದ ಹಂಚಿನ ಚಡಿಗೆ ಕೂಡಿಸಿ, ಗುಬುಟು ರೀಪಿಗೆ ಕೂತದ್ದನ್ನು ಬೆರಳಾಡಿಸಿ ನೋಡಿ, ಮೇಲಿನದ್ದನ್ನು ಇಳಿಸಿದರೆ ಮುಗಿಯಿತು. ಹಂಚು ಎರಡು ಕಿಲೋ ಮೇಲೆಯೇ ತೂಗುತ್ತದೆ, ಹಾಗಾಗಿ ಕೆಳಗೆ ಮಕ್ಕಳು ನಿಲ್ಲಬಾರದು ಅಷ್ಟೆ. ಇದಕ್ಕೆ ಕಂಟ್ರಾಕ್ಟರ್ ಯಾಕೆ?

ಒಂದು ತೊಡಕು ಮಾತ್ರ ಉಂಟು. ಎಲ್ಲ ಕಾರ್ಖಾನೆಯ ಹಂಚುಗಳೂ ಒಂದಕ್ಕೊಂದು ಕೂಡುವುದಿಲ್ಲ. ಚಡಿಯ ಅಳತೆ ಕೂದಲೆಳೆಯಷ್ಟು ಬೇರೆಯಾದರೂ ನೀರು ಒಳಗೆ. ಹಂಚನ್ನು ಕೈಗೆ ತೆಗೆದುಕೊಂಡರೆ ಮುದ್ರೆ ಓದಬೇಕು. ಬಾಸೆಲ್ ಮಿಷನ್ನಿನ ಹಂಚಿನಲ್ಲಿ 1865 ಅಂತ ಇರುತ್ತದೆ, ಅದನ್ನು ನೋಡಿ ಮನೆಯೇ ಅಷ್ಟು ಹಳೆಯದೆಂದು ಹೇಳುವವರಿದ್ದಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ನೇತ್ರಾವತಿ ದಡದ ಮಣ್ಣಿನಿಂದ ಹೊರಟ ಆ ಹಂಚು ಘಟ್ಟ ಹತ್ತಿತು, ಹಡಗನ್ನೂ ಹತ್ತಿತು. ಇಷ್ಟು ವರ್ಷ ನಿಂತದ್ದನ್ನು ಒಂದು ಕಡೆ ಸೋರಿತೆಂದು ಇಳಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನೀರಿನ ದಂಬೆ. ಹಿಂದೆ ಅಡಿಕೆ ಮರ ಸೀಳಿ ತಿರುಳು ತೆಗೆದು ಕಟ್ಟುತ್ತಿದ್ದರು, ಈಗ ಪಿವಿಸಿ, ತಗಡು. ಅದನ್ನು ಚೊಕ್ಕ ಮಾಡುವುದು ಮನೆಯವರದ್ದೇ ಕೆಲಸ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಂಟ್ರಾಕ್ಟರ್ ವರ್ಷಕ್ಕೊಮ್ಮೆ ಬರುತ್ತಾನೆ, ನಿಮ್ಮ ಹಲಸಿನ ಮರ ದಿನಾ ಎಲೆ ಉದುರಿಸುತ್ತದೆ. ಇಳಿಯುವ ಪೈಪಿನ ಬಾಯಲ್ಲಿ ಒಂದು ಮುಷ್ಟಿ ತರಗೆಲೆ ಕೂತರೆ ಸಾಕು, ನೀರು ಹಿಂದಕ್ಕೆ ತುಂಬಿ ಪಕ್ಕಾಸಿನ ತುದಿ ನೆನೆಯುತ್ತದೆ. ನೆನೆದ ಮರಕ್ಕೆ ಗೆದ್ದಲು ಬರಲು ತಡವಿಲ್ಲ. ಮಳೆ ಬಿಟ್ಟಾಗ ನಿಂತ ನೀರಿನಲ್ಲಿ ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರದ ಆಚೀಚೆಯಲ್ಲಿ ಮೊಟ್ಟೆ ಹಾರುವ ಸೊಳ್ಳೆಯಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಲೇಬೇಕು. ಒಂದು ತುದಿಯಲ್ಲಿ ಕೊಡಪಾನ ನೀರು ಹೊಯ್ಯಿರಿ. ಹತ್ತು ಅಡಿಗೆ ಕಾಲು ಇಂಚಾದರೂ ಇಳಿಜಾರು ಇದ್ದರೆ ಅದು ತಾನಾಗಿ ಪೈಪಿಗೆ ಹೋಗುತ್ತದೆ, ನಡುವೆ ನಿಂತರೆ ಕ್ಲಾಂಪು ಜಗ್ಗಿದೆ ಎಂದರ್ಥ. ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಬಿಟ್ಟು ನಿಲ್ಲಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ಅಲ್ಯೂಮಿನಿಯಂ ಏಣಿಯಾದರೆ ನಿಮ್ಮ ಕರೆಂಟಿನ ಸರ್ವಿಸ್ ವೈರಿನ ಕಡೆಗೆ ತರಲೇಬೇಡಿ.

ಆದರೆ ಏಣಿ ಬಿಟ್ಟು ಮಾಡಿನ ಮೇಲೆ ಕಾಲಿಡುವುದು ಬೇರೆ ಮಾತು. ಅಲ್ಲಿ ನಾನು ಗೊತ್ತಿದ್ದವರನ್ನೇ ಕರೆಯುವುದು. ಹಂಚಿನ ಕೆಲಸದವರು ಬರಿಗಾಲಲ್ಲಿ, ಇಬ್ಬನಿ ಆರಿದ ಮೇಲೆ ಹತ್ತುತ್ತಾರೆ. ಹಂಚಿನ ನಡುವೆ ಕಾಲಿಡುವುದಿಲ್ಲ, ಅಡಿಯಲ್ಲಿ ರೀಪು ಇರುವ, ಎರಡು ಹಂಚು ಒಂದರ ಮೇಲೊಂದು ಕೂತ ಅಂಚಿನಲ್ಲೇ ತೂಕ ಬಿಡುತ್ತಾರೆ. ಪಾಚಿ ಕಟ್ಟಿದ ಸಾಲನ್ನು ಕಣ್ಣಲ್ಲೇ ಗುರುತಿಸುತ್ತಾರೆ. ಕೋಳು ಹಂಚಿನ ಗಾರೆ ಬಿಟ್ಟಿದ್ದರೆ, ಎರಡು ಮಾಡು ಕೂಡುವಲ್ಲಿ ತಗಡು ತುಕ್ಕು ಹಿಡಿದಿದ್ದರೆ ಅವರೇ ಸರಿ. ನಿಮ್ಮ ಹಟ್ಟಿಯ ಮೇಲಿನ ಸಿಮೆಂಟ್ ಶೀಟಿನ ಮೇಲಂತೂ ಹಲಗೆ ಹಾಸದೆ ಯಾರೂ ಹತ್ತಬಾರದು, ನಿಮ್ಮ ಮಗನೂ ಬೇಡ, ಸಂಬಳದವನೂ ಬೇಡ. ಹಳೆಯ ಶೀಟು ಸೂಚನೆಯನ್ನೇ ಕೊಡದೆ ಮುರಿಯುತ್ತದೆ. ಉಳಿಸಿದ ಸಾವಿರ ರೂಪಾಯಿ ಮುರಿದ ಸೊಂಟಕ್ಕೆ ಸಾಲುವುದಿಲ್ಲ. ಕೂಲಿಯವನ ಸೊಂಟವೂ ಸೊಂಟವೇ, ಹಗ್ಗ ಕಟ್ಟಿಕೊಳ್ಳದೆ ಹತ್ತುತ್ತೇನೆಂದರೆ ಬೇಡವೆನ್ನುವ ಹಕ್ಕು ಮನೆಯ ಯಜಮಾನನಿಗಿದೆ.

ಶೀಟೇ ಬೇಕೆಂದಿದ್ದರೆ ಹಾಕಿಸಿ, ಅದು ನಿಮ್ಮ ಮನೆ. ಹಾಕುವಾಗ ಮಾತ್ರ ಅಂಗಳದಲ್ಲಿರಿ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಶೀಟಿನ ತಗ್ಗಿನಲ್ಲೇ ಸ್ಕ್ರೂ ಹೊಡೆದು ಹೋಗಿದ್ದರು, ನೀರೆಲ್ಲ ಹರಿಯುವುದು ಆ ತಗ್ಗಿನಲ್ಲೇ. ಮೊದಲ ಮಳೆಗೇ ಚಾವಡಿಯಲ್ಲಿ ಪಾತ್ರೆಗಳ ಸಾಲು. ಸ್ಕ್ರೂ ಏರಿನ ಮೇಲೆ ಬೀಳಬೇಕು, ಅಡಿಯಲ್ಲಿ ರಬ್ಬರ್ ವಾಷರ್ ಇರಬೇಕು. ಶೀಟಿನ ದಪ್ಪ 0.50 ಮಿಲಿಮೀಟರ್ ಎಂದು ಮಾತಾಡಿದ್ದರೆ ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಿ. ಹಣ ಪೂರ್ತಿ ಕೊಡಬೇಡಿ. ಒಂದು ಪಾಲು ಮೊದಲ ಜೋರುಮಳೆ ಕಳೆದ ಮೇಲೆ ಎಂದು ಮುಂಚೆಯೇ ಹೇಳಿ. ಒಳ್ಳೆಯ ಕೆಲಸದವನು ಅದಕ್ಕೆ ಬೇಸರಿಸುವುದಿಲ್ಲ.

ಯಾರಿಂದ ಮಾಡಿಸುವುದಾದರೂ ಪತ್ತನಾಜೆಯೊಳಗೆ ಆಗಬೇಕು. ಮೇ 24 ದಾಟಿದ ಮೇಲೆ ಯಾವ ಕಂಟ್ರಾಕ್ಟರಿಗೂ ಪುರುಸೊತ್ತಿಲ್ಲ, ಆಕಾಶಕ್ಕೂ ಇಲ್ಲ. ನಮ್ಮ ಕೊಟ್ಟಿಗೆಯ ಹಿಂದೆ ಹಳೆಯ ಹಂಚು ಪೇರಿಸಿಟ್ಟಿದ್ದೇನೆ. ನಿಮ್ಮದೊಂದನ್ನು ಹಿಡಿದುಕೊಂಡು ಬನ್ನಿ, ಮುದ್ರೆ ಕೂಡಿದರೆ ಬೇಕಾದಷ್ಟು ಒಯ್ಯಿರಿ.